ಅಣ್ಣನ ಹಿಂದೆ ವಿಧಾನಸೌಧದವರೆಗೆ

ರಾಜಕೀಯದವರ ಹಿಂದೆ ಫೈಲು ಹಿಡಿದು ಓಡಾಡುವವನಿಗೆ ವಾರಕ್ಕೊಂದಾದರೂ ನಗುವ ಪ್ರಸಂಗ ಸಿಕ್ಕೇ ಸಿಗುತ್ತದೆ. ನಕ್ಕಿದ್ದು ಅವರಿಗೆ ಕಾಣಬಾರದು, ಅಷ್ಟೇ. ಕೋಲಾರದಲ್ಲಿ ನಾನು ಹಾಗೆ ಓಡಾಡಿದ್ದು ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂತವನ ಹಿಂದೆ. ಚುನಾವಣೆಗೆ ನಿಂತ ದಿನದಿಂದ ಅವನು ಊರಿಗೆಲ್ಲ ಅಣ್ಣನಾದ, ನನಗೂ ಅಣ್ಣನೇ ಆದ. ಈಗ ಏಕವಚನಕ್ಕೆ ನಾಲಿಗೆ ಬರುವುದಿಲ್ಲ. ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ಚಿಕ್ಕವರು. ಅವರಿಗಿದ್ದ ಚಿಂತೆ ಒಂದೇ: ಕೂತ ಕುರ್ಚಿ ಹೋಗಬಾರದು, ಅದಕ್ಕಿಂತ ಎತ್ತರದ್ದು ಬರಬೇಕು.

೧. ಹೊಲಿಗೆ ಮಿಷನ್ನು

ಗ್ರಾಮ ಪಂಚಾಯ್ತಿಗೆ ಮೊದಲ ಸಲ ನಿಂತಾಗ ಅಣ್ಣನಿಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಒಂದು ಹಳೇ ಮಿಷನ್ನನ್ನು ಟ್ರ್ಯಾಕ್ಟರಿನ ಮೇಲಿಟ್ಟುಕೊಂಡು ಬೀದಿ ಬೀದಿ ಸುತ್ತಿದೆವು. "ಮಿಷನ್ ನೆನಪಿಟ್ಕೊಳ್ಳಿ ಅಕ್ಕಾ, ಮಿಷನ್ ಮರೀಬೇಡಿ!"

ಗೆದ್ದರು. ಮಾರನೇ ಬೆಳಿಗ್ಗೆ ಮನೆ ಮುಂದೆ ಹೆಂಗಸರ ಗುಂಪು. ಹಾರ ಹಾಕಲು ಬಂದಿದ್ದಾರೆಂದುಕೊಂಡು ಅಣ್ಣ ತಲೆ ಬಾಚಿಕೊಂಡು ಹೊರಗೆ ಬಂದರು.

"ನೀನು ಹೇಳ್ದಂಗೆ ಮರೀದೆ ಒತ್ತಿದೀವಿ," ಅಂದಳು ಮುಂದೆ ನಿಂತಿದ್ದವಳು. "ಮಿಷನ್ ಯಾವಾಗ ಕೊಡ್ತೀಯಪ್ಪ?"

"ಅದು ಬರೀ ಗುರುತು ಕಣಕ್ಕಾ!"

"ಕೊಡಲ್ಲ ಅಂದ್ಮೇಲೆ ಊರೆಲ್ಲ ಯಾಕೆ ತೋರಿಸ್ಕೊಂಡು ಬಂದೆ?"

ಈ ಪ್ರಶ್ನೆಗೆ ಐದು ವರ್ಷವೂ ಉತ್ತರ ಸಿಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಅಣ್ಣ ಅಧಿಕಾರಿಯ ಮೇಜಿನ ಮೇಲಿದ್ದ ಗುರುತುಗಳ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೂ ನೋಡಿ ಮೆಲ್ಲಗೆ ಕೇಳಿದರು: "ಸಾರ್, ಈ ಬಾಚಣಿಗೆ ಯಾರಾದ್ರೂ ತಗೊಂಡಿದಾರಾ?"

೨. ಗುದ್ದಲಿ ಪೂಜೆ

ಜಿಲ್ಲಾ ಪಂಚಾಯ್ತಿ ಸದಸ್ಯರಾದ ಮೇಲೆ ಒಂದು ಹಳ್ಳಿಗೆ ರಸ್ತೆ ಮಂಜೂರಾಯಿತು. ಅಣ್ಣ ಹೋಗಿ ಗುದ್ದಲಿ ಪೂಜೆ ಮಾಡಿದರು. ಮರುವಾರ ಬೇರೆ ಪಕ್ಷದ ಶಾಸಕರು ಬಂದು ಅದೇ ರಸ್ತೆಗೆ ಪೂಜೆ ಮಾಡಿದರು. ಅವರಾದ ಮೇಲೆ ತಾಲ್ಲೂಕು ಪಂಚಾಯ್ತಿಯವರು. ಹೆಸರು ಬೇರೆಯವರ ಪಾಲಾಗುತ್ತದೆಂದು ಅಣ್ಣ ಫೋಟೋಗ್ರಾಫರನ್ನು ಕರೆದುಕೊಂಡು ಮತ್ತೊಮ್ಮೆ ಹೊರಟರು.

ಪೂಜಾರಪ್ಪ ಜಾಗ ಬದಲಾಯಿಸಲು ಒಪ್ಪುವವರಲ್ಲ. ಪ್ರತಿ ಸಲವೂ ಅದೇ ಈಶಾನ್ಯ ಮೂಲೆ, ಅದೇ ಗುಂಡಿ. ಅಣ್ಣ ಎರಡನೇ ಸಲ ಗುದ್ದಲಿ ಎತ್ತಿದಾಗ ಪಕ್ಕದ ಮನೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ಗುಂಡಿಯೊಳಗೆ ಬಗ್ಗಿ ನೋಡಿದಳು.

"ಇನ್ನೊಬ್ರು ಯಾರಾದ್ರೂ ಇದ್ರೆ ಕಳಿಸಪ್ಪ. ಇನ್ನೊಂದೇ ಮೊಳ ಆದ್ರೆ ತೆಂಗಿನ ಸಸಿ ಇಡ್ತೀನಿ."

೩. ಕ್ರೇನು

ವಿಧಾನಸಭೆಗೆ ಮೊದಲ ಸಲ ನಿಂತು ಸೋತರು. ಅದರ ಕಥೆ ಹೇಳುವುದಿಲ್ಲ, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಎರಡನೇ ಸಲ ನಿಂತಾಗ ಮಾರ್ಕೆಟ್ಟಿನ ಹುಡುಗರು ಒಂದು ಯೋಚನೆ ಮಾಡಿದರು. "ಬೇರೆ ಕಡೆ ಕ್ರೇನಲ್ಲಿ ಸೇಬಿನ ಹಾರ ಹಾಕ್ತಾರೆ. ನಾವು ಕೋಲಾರದೋರು, ಟೊಮೇಟೊ ಹಾರ ಹಾಕೋಣ."

ಟೊಮೇಟೊಗೆ ಚಿನ್ನದ ಬೆಲೆ ಬಂದಿದ್ದ ವಾರ ಅದು. ಕ್ರೇನಿನಿಂದ ಹಾರ ಇಳಿಯುತ್ತಿದ್ದಂತೆ ಜನ ನುಗ್ಗಿದರು. ಅಷ್ಟು ಜನವನ್ನು ಕಂಡು ಅಣ್ಣನ ಕಣ್ಣು ತುಂಬಿ ಬಂತು. ಕೈ ಮುಗಿದು ಕಣ್ಣು ಮುಚ್ಚಿದರು. ತೆರೆಯುವಷ್ಟರಲ್ಲಿ ಕೊರಳಿಗೆ ಬಿದ್ದದ್ದು ಹಗ್ಗ ಮತ್ತು ನಾಲ್ಕು ಕಾಯಿ. ಒಬ್ಬ ಅಜ್ಜಿ ಸೆರಗು ತುಂಬಾ ಹಣ್ಣು ತುಂಬಿಕೊಂಡು, "ಓಟು ನೀಕೇ ನಾಯನಾ!" ಓಟು ನಿನಗೇ ಎಂದು ತೆಲುಗಿನಲ್ಲಿ ಹರಸಿ ಹೊರಟೇಬಿಟ್ಟಳು.

ಕಾರಿನಲ್ಲಿ ಅಣ್ಣ ಕೇಳಿದರು: "ನೋಡ್ದೇನ್ಲಾ? ಒಬ್ರಾದ್ರೂ ನನ್ ಮೇಲಿಂದ ಕಣ್ಣು ತೆಗೆದ್ರಾ?"

"ಇಲ್ಲಣ್ಣ," ಅಂದೆ. "ಎಲ್ರೂ ನಿಮ್ ಮೇಲೇ ನೋಡ್ತಿದ್ರು. ಒಂದೆರಡು ಅಡಿ ಮೇಲೆ."

೪. ಪ್ರಮಾಣ

ಆ ಸಲ ಗೆದ್ದರು, ಆದರೆ ಕೂದಲೆಳೆಯಲ್ಲಿ. ಕಷ್ಟ ಶುರುವಾದದ್ದೇ ಅಲ್ಲಿಂದ. ಅಂತರ ಅಷ್ಟು ಕಡಿಮೆಯಿದ್ದರೆ ಗೆಲ್ಲಿಸಿದ್ದು ತಾವೇ ಎಂದು ಪ್ರತಿ ಊರಿನವರೂ ಹೇಳಬಹುದು. ಹೇಳಿದರು ಕೂಡ.

ಶಾಸಕರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರೆ ಸಾಕು. ಆದರೆ ಈಗ ಒಬ್ಬೊಬ್ಬರೂ ತಮ್ಮ ಮನೆದೇವರು, ತಾಯಿ, ಮತದಾರರು ಎಂದು ಸೇರಿಸಿಕೊಳ್ಳುವುದು ವಾಡಿಕೆಯಾಗಿದೆ. ಕ್ಯಾಲನೂರು ಕಡೆಯ ಡೇರಿ ಸೆಕ್ರೆಟರಿ ಮೊದಲು ಬಂದರು. "ನಮ್ಮ ಗಂಗಮ್ಮನ ಹೆಸರು ಬರ್ಬೇಕಣ್ಣ." ಹುತ್ತೂರು ಕಡೆಯವರು, "ಸಪ್ಪಲಮ್ಮನ್ನ ಬಿಡಂಗಿಲ್ಲ, ಜೊತೆಗೆ ರೇಷ್ಮೆ ಬೆಳೆಗಾರರು" ಅಂದರು. ಆಮೇಲೆ ಮಾರಮ್ಮ, ಚೌಡಮ್ಮ, ಮುನೇಶ್ವರ, ಟೊಮೇಟೊ ಬೆಳೆಗಾರರು, ಆಟೋದವರು.

"ಒಂದು ಹೆಸರು ಬಿಟ್ರೆ ಒಂದೂರು ಹೋಯ್ತು ಕಣೋ. ಮುಂದಿನ ಸಲ ಮನೇಲೇ," ಅಂದರು ಅಣ್ಣ. ಪಟ್ಟಿ ಬರೆದುಕೊಟ್ಟೆ. ಮೂರು ದಿನ ಸ್ನಾನದ ಮನೆಯಲ್ಲೂ ಅದನ್ನೇ ಬಾಯಿಪಾಠ ಮಾಡಿದರು.

ಪ್ರಮಾಣದ ದಿನ ಎಲ್ಲ ಊರಿನವರೂ ಕೋಲಾರದ ಮನೆಯಂಗಳದಲ್ಲಿ ಟೀವಿ ಮುಂದೆ ಕೂತರು. ಅವರನ್ನು ನೋಡಿಕೊಳ್ಳಲು ನನ್ನನ್ನು ಅಲ್ಲೇ ಬಿಟ್ಟಿದ್ದರು. ಅಣ್ಣ ಮೈಕಿನ ಮುಂದೆ ನಿಂತವರೇ ಶುರು ಮಾಡಿದರು. ಗಂಗಮ್ಮ ಬಂದಳು, ಡೇರಿಯವರು ಶಿಳ್ಳೆ ಹೊಡೆದರು. ಸಪ್ಪಲಮ್ಮ ಬಂದಳು, ಹುತ್ತೂರು ಕಡೆಯವರು ಎದ್ದು ನಿಂತರು. ಒಂದು ಹೆಸರೂ ತಪ್ಪಲಿಲ್ಲ. "ಪ್ರಮಾಣ ಮಾಡುತ್ತೇನೆ!" ಎಂದು ಮುಗಿಸಿ ಅಣ್ಣ ಬೆವರು ಒರೆಸಿಕೊಂಡರು. ನನಗೂ ಜೀವ ಬಂದಂತಾಯಿತು.

ಅಷ್ಟರಲ್ಲಿ ಪೀಠದಲ್ಲಿದ್ದವರು ಕೈಯೆತ್ತಿ ತಡೆದರು. "ಮಾನ್ಯ ಸದಸ್ಯರು ಎಲ್ಲರ ಹೆಸರೂ ಹೇಳಿದರು. ತಮ್ಮ ಹೆಸರು ಹೇಳಲಿಲ್ಲ. ದಯವಿಟ್ಟು ಮೊದಲಿನಿಂದ ಓದಿ."

ಸದನವೆಲ್ಲ ನಕ್ಕಿತು. ಅಣ್ಣನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಗಾಬರಿಯಲ್ಲಿ ತಮ್ಮ ಹೆಸರು ಹೇಳಿ, ಬರೀ "ದೇವರ ಹೆಸರಿನಲ್ಲಿ" ಎಂದು ಓದಿ, ಸಹಿ ಹಾಕಿ, ಹೋಗಿ ಕೂತೇಬಿಟ್ಟರು.

ಇತ್ತ ಅಂಗಳದಲ್ಲಿ ಯಾರೋ ಕೇಳಿದರು: "ಹಂಗಾದ್ರೆ ನಮ್ಮಮ್ಮನ್ನ ತೆಗೆದುಬಿಟ್ರಾ?"

ಹತ್ತು ನಿಮಿಷಕ್ಕೆ ಅಣ್ಣನ ಫೋನು ಬಂತು. "ಏನಂತಾರೋ ಜನ? ಎಷ್ಟು ಊರು ಹೋಯ್ತು?"

ನನಗೆ ನಿಜಕ್ಕೂ ಪಾಪ ಅನ್ನಿಸಿತು. ಅಷ್ಟರಲ್ಲಿ ಡೇರಿ ಸೆಕ್ರೆಟರಿ ಫೋನು ಕಿತ್ತುಕೊಂಡರು.

"ತಲೆ ಕೆಡಿಸ್ಕೋಬೇಡಣ್ಣ, ಎಲ್ರೂ ಮಾತಾಡ್ಕೊಂಡಿದೀವಿ. ಮೊದ್ಲು ಮಾಡಿದ್ಯಲ್ಲ, ಆ ಪ್ರಮಾಣ ನಮ್ಗೆ. ಎರಡ್ನೇದು ಗೌರ್ಮೆಂಟ್‌ಗೆ. ಅದನ್ನ ನೀನು ಉಳಿಸ್ಕೊಳ್ದಿದ್ರೂ ನಮ್ಗೇನೂ ಬೇಜಾರಿಲ್ಲ."