ನರ್ಸಮ್ಮ ವ್ಯಾನು ಓಡಿಸಿದ್ದು

ನಮ್ಮ ಸೋದರತ್ತೆಯನ್ನು ಕಂಡು ಹೆದರದ ಮಗು ಮರಳವಾಡಿ ಸುತ್ತಮುತ್ತ ಎಲ್ಲೋ ಇದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಇನ್ನೂ ಹುಟ್ಟಿಲ್ಲ, ಅಷ್ಟೆ! ಹುಟ್ಟಲಿ, ತಿಂಗಳೊಪ್ಪತ್ತಿನಲ್ಲಿ ಅತ್ತೆಯ ಕೈಗೆ ಸಿಕ್ಕುತ್ತದೆ, ಲಸಿಕೆ ಹಾಕಿಸಿಕೊಂಡು ಕಿಟಾರನೆ ಕಿರುಚುತ್ತದೆ, ಆಮೇಲೆ ಆ ಮುಖವನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಅತ್ತೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಕೈ ಹಗುರ ಎಂದು ದೊಡ್ಡವರೆಲ್ಲ ಹೊಗಳುತ್ತಾರೆ. ಆದರೆ ಮಕ್ಕಳ ಅಭಿಪ್ರಾಯ ಯಾರು ಕೇಳುತ್ತಾರೆ? ನಮ್ಮ ಕಡೆ ಗುಮ್ಮನಿಗೆ ಕೆಲಸವೇ ಇಲ್ಲ. "ಉಣ್ತೀಯೋ, ಇಲ್ಲ ನರ್ಸಮ್ಮನ್ ಕರೀಲೋ?" ಎಂದು ತಾಯಂದಿರು ಒಂದು ಮಾತು ಅಂದರೆ ಸಾಕು, ತಟ್ಟೆ ಖಾಲಿ! ಪಾಪ, ಕೆಲವು ಸಲ ಅತ್ತೆ ಅದೇ ಬೀದಿಯಲ್ಲಿ ಹೋಗುತ್ತಿರುತ್ತಾಳೆ.

ಇಂಥ ಅತ್ತೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ, "ಅಣ್ಣ, ಕೆಲ್ಸ ಬುಟ್ಬುಟ್ಟೆ" ಅಂದಳು. ಅಪ್ಪ ಮುದ್ದೆ ಮುರಿಯುತ್ತಿದ್ದರು. ತುತ್ತು ಕೈಜಾರಿ ಸಾರಿನಲ್ಲಿ ಮುಳುಗಿತು. ಅಮ್ಮ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ಸರ್ಕಾರಿ ಕೆಲಸ ಸ್ವಾಮಿ! ಜನ ಅದಕ್ಕೆ ಹರಕೆ ಹೊರುತ್ತಾರೆ!

"ಏನ್ ಬಂದೈತವ್ವ ನಿಂಗೆ? ಗೌರ್ಮೆಂಟ್ ಕೆಲ್ಸ ಯಾರಾದ್ರೂ ಬುಡ್ತಾರಾ?" ಅಂದರು ಅಪ್ಪ.

"ಸ್ಕೂಲ್ ವ್ಯಾನ್ ಓಡಿಸ್ತೀನಿ."

"ನಿಂಗೆ ಸೈಕಲ್ಲೇ ಬರಾಕಿಲ್ವಲ್ಲೇ!"

"ಕಲ್ತ್ಕತೀನಿ. ಇಷ್ಟು ವರ್ಸ ಆಯ್ತು, ಒಂದ್ ಕೂಸಾದ್ರೂ ನನ್ ನೋಡಿ ಓಡ್ಬಂದಿಲ್ಲ ಕಣಣ್ಣ. ಎಲ್ಲಾ ಓಡೋಯ್ತವೆ. ಒಂದಾದ್ರೂ ತಾನಾಗೇ ಹತ್ರ ಬರ್ಲಿ, ನೋಡ್ತೀನಿ."

ಅತ್ತೆಗೆ ಮಕ್ಕಳಿಲ್ಲ. ಅಮ್ಮ ಅವಳಿಗೂ ಒಂದು ತಟ್ಟೆ ಹಾಕಿ ಮುದ್ದೆ ಬಡಿಸಿದಳು.

ಡ್ರೈವಿಂಗ್ ಕಲಿಸಲು ಬಂದವನಿಗೂ ಚಿಕ್ಕಂದಿನಲ್ಲಿ ಅತ್ತೆಯೇ ಚುಚ್ಚಿದ್ದಳು. ಮೀಸೆ ಬಂದ ಗಂಡಸು, ಅವಳ ಪಕ್ಕ ಕೂತಾಗ ಮಾತ್ರ ಒಂದು ಕೈ ತನ್ನ ಸೊಂಟ ಮುಚ್ಚಿಕೊಂಡೇ ಇರುತ್ತಿತ್ತು! ಬೈಯುವ ಧೈರ್ಯವೆಲ್ಲಿಂದ ಬರಬೇಕು? ಒಂದು ದಿನ ಕಾರು ರಸ್ತೆ ಬಿಟ್ಟು ಹೊಲಕ್ಕೆ ಇಳಿದಾಗ, "ಸಿಸ್ಟರ್, ಬೇಜಾರ್ ಮಾಡ್ಕಬ್ಯಾಡಿ, ಒಸಿ ಬ್ರೇಕ್ ತುಳೀತೀರಾ?" ಎಂದು ವಿನಯದಿಂದ ಕೇಳಿಕೊಂಡನಂತೆ. ಅವನ ವಿನಯ ಮುಗಿಯುವ ಹೊತ್ತಿಗೆ ಕಾರು ರಾಗಿಹುಲ್ಲಿನ ಮೆದೆಯೊಳಗೆ ಹೊಕ್ಕಿತ್ತು.

ಅಂತೂ ಲೈಸೆನ್ಸ್ ಬಂತು, ಹಳದಿ ವ್ಯಾನೂ ಬಂತು. ಮೊದಲ ದಿನ ಅತ್ತೆ ಹೊಸ ಸೀರೆ ಉಟ್ಟು, ಹೂ ಮುಡಿದು ಹೊರಟಳು. ಬಾಗಿಲು ತೆಗೆದ ಕೂಡಲೇ ಮಕ್ಕಳು ಒಳಗೆ ಯಾರಿದ್ದಾರೆಂದು ನೋಡಿದವು. ನೋಡಿ, ಒಂದೂ ಮಾತಿಲ್ಲದೆ ಹತ್ತಿ, ಸಾಲಾಗಿ ಕೂತು, ಎಡಗೈಯ ಅಂಗಿತೋಳು ಮೇಲಕ್ಕೆ ಮಡಚಿಕೊಂಡವು!

ಇಡೀ ತಾಲ್ಲೂಕಿನಲ್ಲಿ ಅಷ್ಟು ನಿಶ್ಶಬ್ದವಾದ ಸ್ಕೂಲ್ ವ್ಯಾನು ಇನ್ನೊಂದಿರಲಿಲ್ಲ. ಹೆಡ್‌ಮಿಸ್ಸು ಖುಷಿಯಿಂದ "ಏನು ಶಿಸ್ತು ಮೇಡಂ!" ಅಂದರು. ಅತ್ತೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಳು. ಮಾರನೆಯ ದಿನ ಚಾಕೊಲೇಟ್ ಹಂಚಲು ಹೋದಳು. ಅದು ಇನ್ನೂ ದೊಡ್ಡ ಎಡವಟ್ಟು! ಆಸ್ಪತ್ರೆಯಲ್ಲಿ ಚಾಕೊಲೇಟ್ ಕೊಡುತ್ತಿದ್ದದ್ದು ಯಾವಾಗ? ಸೂಜಿ ಚುಚ್ಚಿದ ಮೇಲೆ! ಮುಂದಿನ ಸೀಟಿನ ಮಗು ಚಾಕೊಲೇಟ್ ಕಂಡದ್ದೇ ತೊಡೆ ಉಜ್ಜಿಕೊಂಡು ಗೊಳೋ ಎಂದು ಅತ್ತಿತು. ತನಗೆ ಯಾವಾಗ ಚುಚ್ಚಿಬಿಟ್ಟರು ಎಂದು ತನಗೇ ಗೊತ್ತಾಗಲಿಲ್ಲವಲ್ಲ ಎಂಬ ಗಾಬರಿ ಅದಕ್ಕೆ.

ಹೀಗೇ ನಡೆಯಿತು. "ಈ ದಸರಾಗಂಟ ನೋಡ್ತೀನಿ ಕಣೆ, ಆಮ್ಯಾಕೆ ವ್ಯಾನ್ ಮಾರ್ಬುಡ್ತೀನಿ. ನನ್ ಹಣೇಲಿ ಬರ್ದಿಲ್ಲ" ಅಂದಳು ಅತ್ತೆ. ಬಿಟ್ಟ ಕೆಲಸ ಮತ್ತೆ ಸಿಗುವಂಥದ್ದಲ್ಲ.

ಆ ಶನಿವಾರ ನಾನೂ ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಸ್ಕೂಲು ಬಿಟ್ಟು ಮಕ್ಕಳು ಹತ್ತಿದ ಮೇಲೆ ಅತ್ತೆ ಬಾಗಿಲು ಎಳೆದಳು. ತುಕ್ಕು ಹಿಡಿದ ತಗಡು ಹೆಬ್ಬೆರಳಿಗೆ ಕೊಯ್ದು ರಕ್ತ ಬಂತು. ದಾರಿಯಲ್ಲೇ ಅವಳ ಹಳೆಯ ಆಸ್ಪತ್ರೆ. "ಟಿಟಿ ಇಂಜೆಕ್ಷನ್ ಹಾಕಿಸ್ಕೊ, ನಡಿ" ಅಂದೆ. "ಬ್ಯಾಡ ಕಣೆ, ಅರಿಶಿನ ಹಚ್ಚಿದ್ರಾಯ್ತದೆ" ಅಂದಳು. ನರ್ಸಮ್ಮ! ಅರಿಶಿನ! ನಾನು ಬಲವಂತದಿಂದ ಒಳಗೆ ಎಳೆದುಕೊಂಡು ಹೋದೆ. ಮಕ್ಕಳನ್ನು ವ್ಯಾನಿನಲ್ಲಿ ಬಿಡುವಂತಿಲ್ಲವಲ್ಲ, ಅವೂ ಹಿಂದೆಯೇ ಬಂದವು.

ಅಲ್ಲಿಯ ನರ್ಸು ಸಿರಿಂಜು ಎತ್ತಿದ್ದೇ ತಡ, ಅತ್ತೆಯ ಮುಖ ಬಿಳಿಚಿಕೊಂಡಿತು. ಮಂಚದ ಕಂಬಿ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, "ಅಯ್ಯಯ್ಯೋ, ಒಸಿ ತಡಿಯವ್ವ! ತಡಿಯೇ!" ಎಂದು ಕೂಗಿಕೊಂಡಳು. ನಾನು ದಂಗಾಗಿ ನಿಂತೆ. ಊರಿಗೆಲ್ಲ ಸೂಜಿ ಚುಚ್ಚಿದವಳಿಗೆ ಸೂಜಿ ಕಂಡರೆ ಭಯ! ಮಕ್ಕಳು ನನಗಿಂತ ದಂಗಾಗಿದ್ದವು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

ಆಗ ಯುಕೆಜಿಯ ಒಂದು ಹೆಣ್ಣುಮಗು ಮುಂದೆ ಬಂದು ಅತ್ತೆಯ ಕೈ ಹಿಡಿದುಕೊಂಡಿತು. "ಅಳ್ಬೇಡಿ ಆಂಟಿ. ಇರುವೆ ಕಚ್ದಂಗೆ ಅಷ್ಟೆ. ಆ ಕಡೆ ನೋಡಿ, ಗುಬ್ಬಿ ಐತೆ!"

ಅತ್ತೆ ಆ ಕಡೆ ನೋಡಿದಳು. ನರ್ಸು ಚುಚ್ಚಿದಳು. ಅತ್ತೆ "ಅಮ್ಮಾ!" ಎಂದು ಕಿರುಚಿದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಕಿವಿಗಡಚಿಕ್ಕುವ ಗಲಾಟೆ. ಒಂದು ಅತ್ತೆಯ ಹಾಗೆ "ತಡಿಯವ್ವ!" ಅಂದರೆ, ಇನ್ನೊಂದು "ಅಮ್ಮಾ!" ಅನ್ನುತ್ತದೆ. ಪಕ್ಕಕ್ಕೆ ತಿರುಗಿ ನೋಡಿದರೆ ಅತ್ತೆಯ ಕೆನ್ನೆ ಮೇಲೆ ನೀರು ಇಳಿಯುತ್ತಿದೆ.

"ಅಷ್ಟು ನೋವಾಯ್ತಾ ಅತ್ತೆ?"

"ಥೂ, ಸುಮ್ಕಿರೆ!" ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಆ ಕೂಸು ನನ್ ಕೈ ಹಿಡ್ಕತ್ತಲ್ಲೇ... ಯಾರೂ ಹೇಳ್ಕೊಡ್ಲಿಲ್ಲ ಕಣೆ. ತಾನಾಗೇ ಬಂದು ಹಿಡ್ಕತ್ತು."