ಮಡಿವಾಳಪ್ಪ ಸರ್ ಎಮೆರಿಟಸ್ ಆದದ್ದು

ನಿವೃತ್ತಿಯಾದ ಮೇಲೆ ಮಡಿವಾಳಪ್ಪ ಸರ್ ಅವರಿಗೆ ಮನೆಯಲ್ಲೇ ಹೊಸ ನೌಕರಿ ಸಿಕ್ಕಿತ್ತು. ಹೆಂಡತಿ ನೀಲಕ್ಕ ಬೆಳಿಗ್ಗೆ ಕೊತ್ತಂಬರಿಗೆ ಕಳಿಸುತ್ತಿದ್ದರು, ಬಂದ ಮೇಲೆ ಗಿರಣಿಗೆ, ಮಧ್ಯಾಹ್ನ ಮರೆತ ಹಸಿಮೆಣಸಿನಕಾಯಿಗೆ. ಜನ್ಮವಿಡೀ ಸಸ್ಯಶಾಸ್ತ್ರ ಕಲಿಸಿದವರು ಈಗ ಧಾರವಾಡದ ಓಣಿಗಳಲ್ಲಿ ಸಸ್ಯ ಹೊರುತ್ತಿದ್ದರು. ಒಳಗೆ ಉರಿಯುತ್ತಿತ್ತು, ಆದರೆ ಬಾಯಿ ಬಿಡಲು ಧೈರ್ಯವಿರಲಿಲ್ಲ.

ಹೀಗಿರುವಾಗ ಕಾಲೇಜು ಅವರನ್ನು ಎಮೆರಿಟಸ್ ಪ್ರೊಫೆಸರ್ ಮಾಡಿತು. ಸಂಬಳವಿಲ್ಲ, ಕೂರಲು ಒಂದು ಕೋಣೆ. ಸರ್‌ಗೆ ಅಷ್ಟೇ ಬೇಕಾಗಿತ್ತು.

ಇಸ್ತ್ರಿ ಅಂಗಿ ತೊಟ್ಟು ಹೊರಟವರನ್ನು ಪಕ್ಕದ ಮನೆಯ ಗಿರಿಯಪ್ಪ ತಡೆದರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಲ್ಯಾಟಿನ್ ತಮ್ಮ ಮನೆದೇವರೆಂಬಂತೆ ಮಾತಾಡುವವರು. ಹೊಸ ಪದವಿಯ ಹೆಸರು ಕೇಳಿ, ಅದರ ಉಚ್ಚಾರ ‘ಎಮೆರೈಟಸ್’ ಎಂದು ತೀರ್ಪು ಕೊಟ್ಟರು. ಎದುರು ಮನೆಯ ಡಾಕ್ಟರ್ ಶಾಹೀನ ಸ್ಕೂಟರ್ ನಿಲ್ಲಿಸಿ ತಿದ್ದಿದರು. ಒತ್ತು ‘ಮೆ’ ಮೇಲೆ, ‘ರಿ’ ಗಿಡ್ಡ. ಗಂಡಸಾದರೆ ಎಮೆರಿಟಸ್, ಹೆಂಗಸಾದರೆ ಎಮೆರಿಟಾ, ನಾಲ್ಕು ಜನ ಕೂಡಿದರೆ ಎಮೆರಿಟಿ.

“ಚಾಕ್ರಿ ಪೂರಾ ಮುಗಿಸಿದಾಂವ ಅಂತ ಅರ್ಥರಿ ಸರ್. ರೋಮಿನ ಸಿಪಾಯಿಗೋಳಿಗೆ ಅಂತಿದ್ರಂತ,” ಎಂದರು.

ಬಾಗಿಲಲ್ಲಿದ್ದ ನೀಲಕ್ಕ ಇದನ್ನು ಕೇಳಿಸಿಕೊಂಡರು. “ಮುಗೀತಲ್ಲ? ಹಂಗಾರ ಪ್ಯಾಟಿಗೆ ಹೋಗಿ ಬದನಿಕಾಯಿ ತರ್ರಿ.”

ಸರ್ ಮೊದಲ ಬಾರಿ ತಿರುಗಿ ನಿಂತರು. “ಮುಗಿಸಿದಾಂವಗ ಯಾರೂ ಏನೂ ತಾ ಅನ್ನಂಗಿಲ್ಲ, ನೀಲಾ. ಅದs ಅದರ ಅರ್ಥ.”

ನೀಲಕ್ಕ ಕೈಯಲ್ಲಿದ್ದ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು. ಸರ್‌ಗೇ ನಂಬಿಕೆ ಬರಲಿಲ್ಲ. ಆಟೋದಲ್ಲಿ ಕೂತು ‘ಎಮೆರಿಟಸ್, ಎಮೆರಿಟಸ್’ ಎಂದು ರೂಢಿ ಮಾಡುತ್ತಿದ್ದರೆ, ಆಟೋದ ನವಾಜ ಅದು ಯಾವ ಕಡೆ ಬರುತ್ತದೆಂದು ಎರಡು ಸಲ ವಿಚಾರಿಸಿದ.

ಕೋಣೆಯಲ್ಲಿ ಆಗಲೇ ನಾಲ್ಕು ಬಿಳಿತಲೆಗಳು ಕೂತಿದ್ದವು. ಎಲ್ಲರೂ ಇವರಿಗಿಂತ ಮೊದಲು ನಿವೃತ್ತರಾದ ಎಮೆರಿಟಿಗಳೇ. ಹಾರ್ದಿಕವಾಗಿ ಕುರ್ಚಿ ಕೊಟ್ಟರು. ಮೇಲೆ ಫ್ಯಾನು ತಿರುಗುತ್ತಿತ್ತು. ಯಾರೂ ಕರೆಯುತ್ತಿಲ್ಲ, ಯಾರೂ ಕಳಿಸುತ್ತಿಲ್ಲ. ಸರ್‌ಗೆ ಕಣ್ಣು ತುಂಬಿ ಬಂತು.

ಆಗ ಇತಿಹಾಸದ ಹೊಳೆಯಪ್ಪ ಎದ್ದು ಒಂದು ಸ್ಟೀಲ್ ಡಬ್ಬಿಯನ್ನು ಭಕ್ತಿಯಿಂದ ಅವರ ಕೈಗಿಟ್ಟರು.

“ಇಲ್ಲೊಂದು ಪದ್ಧತಿ ಐತ್ರಿ. ಕಡೀಕ ಬಂದಾಂವ ಎಲ್ಲಾರಿಗೂ ಪ್ಯಾಟಿಯಿಂದ ಚುರಮರಿ ಗಿರಮಿಟ್ ತರಬೇಕು. ಇಷ್ಟ ದಿನಾ ನಾ ತಂದೇನಿ.”

ಸರ್ ಡಬ್ಬಿಯನ್ನೇ ನೋಡಿದರು. ಇರಲಿ, ಒಂದೆರಡು ವರ್ಷದ ಮಾತು ಎಂದುಕೊಂಡು, ತಮ್ಮ ನಂತರದವರು ಯಾವಾಗ ಬರುತ್ತಾರೆಂದು ಕೇಳಿದರು.

“ಎಲ್ಲಿಂದ ಬರ್ತಾರ್ರಿ? ನಿಮ್ಮ ಹಿಂದ ಕಾಲೇಜ್ನಾವ್ರು ಖಾಯಂ ಮಂದಿನ್ನ ತಗೊಂಡೇ ಇಲ್ಲ. ಎಲ್ಲಾ ಗೆಸ್ಟ್ ಲೆಕ್ಚರರ್. ನೀವ ಕಡೀಯಾವ್ರು,” ಎಂದು ಹೊಳೆಯಪ್ಪ ಹಾಯಾಗಿ ಕುರ್ಚಿಗೆ ಒರಗಿದರು. “ನನಗ ಉಳ್ಳಾಗಡ್ಡಿ ಬ್ಯಾಡ್ರಿ.”