ಬೆನ್ನು ನೆಲಕ್ಕೆ, ಕಾಲು ಕಂಕುಳಿಗೆ

ಬೇರೆಯವರ ಕಾಲು ಒಂದು ಸಲ ಉಳುಕುತ್ತದೆ, ವಾಸಿಯಾಗುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಕಾಲಿಗೆ ಹಾಗಿಲ್ಲ, ಅದಕ್ಕೆ ತಿಂಗಳಿಗೊಂದು ಕಥೆ. ಹೇಳಿ ಹೇಳಿ ನನಗೇ ಸಾಕಾಗಿದೆ. ಆದರೂ ದೊಡ್ಡನೆಕ್ಕುಂದಿಯ ನಮ್ಮ ಫ್ಯಾಕ್ಟರಿ ಕ್ಯಾಂಟೀನಿಗೆ ನಾನು ಕುಂಟುತ್ತಾ ಬಂದರೆ ತಟ್ಟೆ ಹಿಡಿದು ಕೂತವರೆಲ್ಲ ಸರಿದು ಜಾಗ ಮಾಡಿಕೊಡುತ್ತಾರೆ. ಕನಿಕರಕ್ಕಲ್ಲ, ಕಥೆಗೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಯಾದಗಿರಿ ಕಡೆಯ ಹಳ್ಳಿಯವನು, ಊರ ಗರಡಿಯಲ್ಲಿ ಹತ್ತು ವರ್ಷ ಕೆಮ್ಮಣ್ಣಿನಲ್ಲಿ ಹೊರಳಿದವನು. ಸುತ್ತ ಏಳು ಹಳ್ಳಿಯಲ್ಲಿ ನನ್ನ ಬೆನ್ನಿಗೆ ಮಣ್ಣು ಹತ್ತಿಸುವ ಗಂಡು ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ಬೇರೆ ಕೆಲಸ ನೋಡಿಕೊಂಡಿದ್ದಾನೆ. ನಾನು ಬೆಂಗಳೂರಿಗೆ ಹೊರಟ ದಿನ ನಮ್ಮ ಉಸ್ತಾದರು, ಅಂದರೆ ಗರಡಿಯ ಗುರುಗಳು, ತಮ್ಮ ತಲೆಯ ಕೆಂಪು ರುಮಾಲನ್ನೇ ಬಿಚ್ಚಿ ನನ್ನ ತಲೆಗೆ ಸುತ್ತಿದರು.

“ತಮ್ಮಾ, ಇದು ನಮ್ಮ ಗರಡಿ ಮಾನ. ಯಾವತ್ತು ನಿನ್ನ ಬೆನ್ನು ನೆಲಕ್ಕ ಹತ್ತತದೋ ಅವತ್ತ ಇದು ಗೆದ್ದವನ ತಲಿಗೆ ಹೋಗಬೇಕು, ನೋಡು.”

ನಾನು ನಕ್ಕುಬಿಟ್ಟೆ. ರೂಮಿಗೆ ಬಂದು ರುಮಾಲನ್ನು ಮೊಳೆಗೆ ನೇತುಹಾಕಿದೆ. ಮೊಳೆ ಸಡಿಲವಾಗಬಹುದು, ನನ್ನ ಬೆನ್ನು ನೆಲಕ್ಕೆ ಹತ್ತುವುದಿಲ್ಲ ಎಂಬ ಧೈರ್ಯ. ಕಾಲಿನ ವಿಷಯ ಉಸ್ತಾದರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

೧. ಸತ್ತವನು ಕಾಲು ಹಿಡಿದದ್ದು

ಇಂದಿರಾನಗರದಲ್ಲಿ ಮೆಟ್ರೋ ಕಂಬಕ್ಕೆಂದು ರಸ್ತೆ ಅಗೆದಿದ್ದ ಕಾಲ. ಆ ಧೂಳಿನ ಪಕ್ಕದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಹೊಸ ನಮೂನೆಯ ಕುಸ್ತಿ ಕಲಿಸುತ್ತಾರೆಂದು ತಿಳಿಯಿತು. ಕಲಿಯಲು ಹೋದೆ ಅಂದುಕೊಳ್ಳಬೇಡಿ. ಕಲಿಸಲು ಹೋದೆ.

ಒಳಗೆ ಮಣ್ಣಿಲ್ಲ, ನೀಲಿ ಮ್ಯಾಟು. ಕೋಚ್ ಹಲಸೂರಿನವರು, ತಮಿಳು ಬೆರೆತ ಕನ್ನಡ. ನನ್ನ ಎದುರು ಜೀವನ್ ಬಿಮಾ ನಗರದ ಒಬ್ಬ ಗುಂಡನೆಯ ಹುಡುಗನನ್ನು ನಿಲ್ಲಿಸಿದರು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೆಲಸವಂತೆ. ಕನ್ನಡಕ ತೆಗೆದು ಜೋಪಾನವಾಗಿ ಡಬ್ಬಿಯಲ್ಲಿಟ್ಟು ಬಂದ. ತೂಕ ಇಬ್ಬರದೂ ಒಂದೇ. ನನ್ನದು ದಂಡ-ಬೈಠಕ್ಕಿನ ತೂಕ, ಅವನದು ಅವರಮ್ಮನ ತುಪ್ಪದ ತೂಕ.

ಕೋಚ್ ಶುರು ಅಂದರು. ನಾನು ಎತ್ತಿದೆ, ಹಾಕಿದೆ. ಗುಂಡನ ಬೆನ್ನು ಪೂರ್ತಿ ನೆಲಕ್ಕೆ. ಚಿತ್! ಊರಿನ ರೂಢಿಯಂತೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಜನಕ್ಕೆ ಮುಖ ತೋರಿಸಲು ತಿರುಗಿದೆ. ಜನ ಎಂದರೆ ನಾಲ್ಕು ಮಂದಿ ಮತ್ತು ಒಂದು ಫ್ಯಾನು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಎಡಗಾಲು ಎಳೆದರು. ಮೂಗು ಮ್ಯಾಟಿಗೆ ಬಡಿಯಿತು. ನೋಡಿದರೆ ಗುಂಡ! ನನ್ನ ಪಾದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮುಂಗೈ ಮೂಳೆಯನ್ನು ಹಿಮ್ಮಡಿಯ ಮೇಲಿನ ನರಕ್ಕೆ ಒತ್ತಿ, ಆರಾಮಾಗಿ ಹಿಂದಕ್ಕೆ ಒರಗುತ್ತಿದ್ದಾನೆ.

“ಲೇ, ನೀ ಸೋತಿಯಲ್ಲೋ! ಬೆನ್ನು ನೆಲಕ್ಕ ಹತ್ತ್ಯದ! ಸತ್ತವ ಕಾಲು ಹಿಡೀತಾನೇನ್ಲೇ?” ಎಂದು ಕೂಗಿದೆ.

“ಇದು ಆಂಕಲ್ ಲಾಕು ಮಗಾ, ಟ್ಯಾಪ್ ಮಾಡು,” ಅಂದ ಗುಂಡ.

ಕೋಚ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸಮಾಧಾನವಾಗಿ ಹೇಳಿದರು: “ಗುರು, ಇಲ್ಲಿ ಬೆನ್ನು ಮುಟ್ಟಿದ್ರೆ ಆಟ ಮುಗಿಯಲ್ಲಪ್ಪಾ. ಶುರುವಾಗುತ್ತೆ.”

೨. ತಟ್ಟದ ಕೈ

ಆಂಕಲ್ ಲಾಕು ಎಂದರೆ ಪಾದದ ಗಿಣ್ಣಿಗೆ ಹಾಕುವ ಬೀಗ. ಟ್ಯಾಪ್ ಎಂದರೆ ಕೈಯಿಂದ ಎದುರಾಳಿಯ ಮೈಯನ್ನೋ ಮ್ಯಾಟನ್ನೋ ತಟ್ಟುವುದು. ತಟ್ಟಿದರೆ ಬಿಡುತ್ತಾರೆ, ತಟ್ಟಿದವನು ಸೋತ. ನಾನು ತಟ್ಟಲಿಲ್ಲ. ನಮ್ಮ ಕಡೆ ಹಾಗೆ ಕೇಳಿಕೊಳ್ಳುವ ಪದ್ಧತಿಯೇ ಇಲ್ಲ.

ಮೊದಲ ವಾರ ಗುಂಡ ಪಾಪ, ತಾನೇ ಬಿಡುತ್ತಿದ್ದ. ಎರಡನೇ ವಾರ ನಾನು, “ಅಷ್ಟೇ ಏನು? ಏನೂ ಆಗ್ಲಿಲ್ಲ,” ಅಂದೆ. ಅವನಿಗೂ ಮಾನ ಇರುತ್ತದಲ್ಲ. ಇನ್ನಷ್ಟು ಒರಗಿದ. ಕಟಕ್ ಎಂದು ಒಂದು ಸದ್ದಾಯಿತು. ಕ್ಲಾಸೆಲ್ಲ ನನ್ನ ಕಾಲಿನ ಕಡೆ ತಿರುಗಿತು.

“ಕಿಟಕಿ,” ಅಂದೆ ನಾನು.

ಮಾರನೆಯ ದಿನ ಪ್ರೆಸ್ ಮೆಷಿನ್ನಿನ ಮುಂದೆ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತೆ. ಸೂಪರ್‌ವೈಸರ್ ಬಂದು ಮೇಲಿಂದ ಕೆಳಗೆ ನೋಡಿ, “ಏನ್ರೀ, ಯಾವ ದೇವರಿಗೆ ತಪಸ್ಸು?” ಅಂದರು. ಸಂಜೆ ರೂಮ್‌ಮೇಟು ನನ್ನನ್ನು ಶಿವಾಜಿನಗರಕ್ಕೆ ಕರೆದೊಯ್ದ. ಅಲ್ಲಿ ಸಂದಿಯೊಂದರಲ್ಲಿ ಮೂಳೆ ಕಟ್ಟುವ ಮುದುಕರು, ಗೋರಂಟಿ ಹಾಕಿದ ಗಡ್ಡ, ಎಣ್ಣೆ ಹಚ್ಚಿದ ಬೆಂಚು.

“ಕ್ಯಾ ಹುವಾ ಪೈಲ್ವಾನ್?”

“ಲಾರಿ ಗಾಲಿ ಕಾಲ ಮ್ಯಾಲ ಹೋಯ್ತು ಚಾಚಾ.”

ಅವರು ಮತ್ತೇನೂ ಕೇಳದೆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಒಂದು ಸಲ ತಿರುಗಿಸಿದರು. ನನ್ನ ಕೈ ನನ್ನನ್ನು ಕೇಳದೆಯೇ ಬೆಂಚನ್ನು ಪಟಪಟ ತಟ್ಟಿತು. ಜನ್ಮದಲ್ಲಿ ಮೊದಲ ಸಲ.

ಮುದುಕರು ಬಟ್ಟೆ ಸುತ್ತುತ್ತಾ ಅಂದರು: “ಈ ಕೈನ ಅಲ್ಲಿ ತಟ್ಟಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ ಬೇಟಾ. ಆ ಇಂದಿರಾನಗರ್ ಲಾರಿ ಈ ತಿಂಗಳು ಇನ್ನೂ ಇಬ್ಬರ ಮೇಲೆ ಹೋಗಿದೆ.”

೩. ಲಾಳದ ವಿದ್ಯೆ

ಕಾಲು ವಾಸಿಯಾದ ಮೇಲೆ, ಆ ಲಾಕನ್ನು ನಾನೇ ಕಲಿತು ಗುಂಡನಿಗೆ ವಾಪಸು ಕೊಡಬೇಕೆಂದು ನಿರ್ಧರಿಸಿದೆ. ಹಿಡಿಯುವುದು ಒಂದೇ ದಿನದಲ್ಲಿ ಬಂತು. ತೊಂದರೆ ಬಂದದ್ದು ಆಮೇಲೆ. ಪಾದ ಕಂಕುಳಿಗೆ ಬಂದ ಕೂಡಲೆ ಹಿಂದಕ್ಕೆ ಬೀಳಬೇಕು, ಆಗಲೇ ಬಿಗಿಯುವುದು.

“ಬೀಳು,” ಅಂದರು ಕೋಚ್.

ಬೀಳಲಿಲ್ಲ. ನನಗೆ ಮನಸ್ಸಿತ್ತು, ಬೆನ್ನಿಗಿರಲಿಲ್ಲ. ಹತ್ತು ವರ್ಷ ನೆಲ ಮುಟ್ಟಬೇಡ ಅಂತ ಹೊಡೆದು ಕಲಿಸಿದ ಬೆನ್ನು ಅದು. ನಾನು ಕೋಚ್ ಕಾಲನ್ನು ಕಂಕುಳಲ್ಲಿಟ್ಟುಕೊಂಡು, ಕೆಟ್ಟು ನಿಂತ ಸ್ಕೂಟರ್ ಹಿಡಿದವನಂತೆ ಸುಮ್ಮನೆ ನಿಂತಿದ್ದೆ. “ಯಪ್ಪಾ, ಬೀಳು ಇಲ್ಲಾಂದ್ರೆ ಕಾಲು ವಾಪಸ್ ಕೊಡು. ನಂಗೆ ಮನೇಗ್ ಹೋಗ್ಬೇಕು,” ಅಂದರು ಅವರು.

ಭಾನುವಾರ ರೂಮಿನಲ್ಲಿ ರೂಮ್‌ಮೇಟನ್ನು ಚಾಪೆಯ ಮೇಲೆ ಕೂರಿಸಿ ಅವನ ಕಾಲಿನ ಮೇಲೆ ಅಭ್ಯಾಸ ಮಾಡುತ್ತಿದ್ದೆ. ನೀರಿನ ಟ್ಯಾಂಕಿನ ವಿಷಯ ಹೇಳಲು ಓನರ್ ಬಂದರು. ದೊಡ್ಡನೆಕ್ಕುಂದಿ ಹಳ್ಳಿಯಾಗಿದ್ದಾಗ ಹೊಲ ಉಳುತ್ತಿದ್ದವರು. ಈಗ ಅದೇ ಹೊಲದಲ್ಲಿ ನಮ್ಮಂಥವರ ರೂಮುಗಳಿವೆ. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

“ಏನ್ರಪ್ಪಾ ಇದು, ಎತ್ತಿಗೆ ಲಾಳ ಕಟ್ತಿದ್ದೀರಾ?”

“ಆಂಕಲ್ ಲಾಕ್ ರೀ ಓನರ್.”

“ಎಂಥ ಲಾಕೋ ಏನೋ, ನೀನು ಹಿಡಿದಿರೋದು ತಪ್ಪು. ಹಂಗ್ ಹಿಡಿದ್ರೆ ಎತ್ತು ಒದ್ದು ಹಲ್ಲು ಉದುರಿಸುತ್ತೆ. ಸರಿ ಅತ್ಲಾಗೆ.”

ಪಂಚೆ ಎತ್ತಿ ಕಟ್ಟಿದರು. ರೂಮ್‌ಮೇಟನ ಪಾದ ತೆಗೆದು ಕಂಕುಳಿಗಿಟ್ಟರು, ಮೊಣಕೈ ಮೈಗೆ ಒತ್ತಿಕೊಂಡರು. “ಎಳೀಬಾರ್ದು. ಬೀಳಲೂಬಾರ್ದು. ಸಂಜೆ ಜಗಲಿ ಮೇಲೆ ಕೂತ್ಕೋತೀವಲ್ಲ, ಹಂಗೆ ಕೂತು, ಹಂಗೇ ಗೋಡೆಗೆ ಒರಗ್ಬೇಕು,” ಎಂದು ಒರಗಿಯೇ ಬಿಟ್ಟರು. ರೂಮ್‌ಮೇಟನ ಕೂಗಿಗೆ ಪಕ್ಕದ ರೂಮಿನವರು ಕುಕ್ಕರ್ ಸಿಡಿಯಿತೆಂದು ಹೊರಗೆ ಓಡಿದರು.

ಮಂಗಳವಾರ ಕ್ಲಾಸಿನಲ್ಲಿ ಕೋಚ್ ಮೇಲೆ ಅದನ್ನೇ ಹಾಕಿದೆ. ಬೀಳಲಿಲ್ಲ, ಜಗಲಿಯ ಮೇಲೆ ಕೂತು ಒರಗಿದೆ. ಅರೆಗಳಿಗೆಯಲ್ಲಿ ತಟ್ಟಿದರು.

“ಯಾರು ಕಲಿಸಿದ್ದು?”

“ನಮ್ಮ ಓನರ್ ಸರ್.”

“ಯಾವ ಬೆಲ್ಟು?”

“ಬೆಲ್ಟಿಲ್ಲ ಸರ್. ಪಂಚೆ.”

೪. ಫೋನಿನಲ್ಲಿ ಗೆದ್ದದ್ದು

ಊರಿಗೆ ಫೋನ್ ಮಾಡಿದಾಗ ಉಸ್ತಾದರು ತಪ್ಪದೆ ಕೇಳುತ್ತಿದ್ದರು: “ಬೆನ್ನು?”

“ಇನ್ನಾ ಹತ್ತಿಲ್ಲ ಉಸ್ತಾದ್!” ಅನ್ನುತ್ತಿದ್ದೆ. ಗುಂಡ ನನ್ನನ್ನು ಕೆಡವಿದ್ದೆಲ್ಲ ಬೋರಲಾಗಿ, ಆದ್ದರಿಂದ ಸುಳ್ಳಲ್ಲ. ಕ್ಲಾಸಿನಲ್ಲಿ ಜಗಲಿಯ ಮೇಲೆ ಒರಗಿದ್ದು ಅಭ್ಯಾಸ, ಅದು ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಇಡೀ ಬೆಂಗಳೂರಾಗ ನನ್ನ ಮುಂದ ನಿಲ್ಲೋರ ಇಲ್ಲ,” ಎಂದೂ ಸೇರಿಸಿದೆ. ಇದೂ ಸುಳ್ಳಲ್ಲ. ಗುಂಡ ಈಗ ನನ್ನ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಎತ್ತಿ ಹಾಕಿಸಿಕೊಳ್ಳುವುದೇಕೆಂದು, ಶುರು ಅಂದ ಕೂಡಲೆ ಊಟಕ್ಕೆ ಕೂತವನಂತೆ ತಾನೇ ಕೂತುಬಿಡುತ್ತಿದ್ದ.

ಉಸ್ತಾದರಿಗೆ ಖುಷಿ ತಡೆಯಲಿಲ್ಲ. “ಹಂಗಾದ್ರ ಮುಂದಿನ ಕುಸ್ತಿಗೆ ನಾನೇ ಬರ್ತೀನಿ. ರುಮಾಲು ತೊಗೊಂಡು ಬಾ. ಗೆದ್ದ ಮ್ಯಾಲ ಮಂದಿ ಮುಂದ ನನ್ನ ಕೈಲೇ ಕಟ್ತೀನಿ.”

ಅವತ್ತು ಫೋನಿಟ್ಟು ಮೊಳೆ ಕಡೆ ನೋಡಿದವನು ಊಟ ಮಾಡಲಿಲ್ಲ.

೫. ಕೂತವನೂ ಮಲಗಿದವನೂ

ಸ್ಪರ್ಧೆ ಕೆ.ಆರ್. ಪುರದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಚೆಂಡುಹೂವು ಇನ್ನೂ ಕಂಬದ ಮೇಲಿತ್ತು. ಉಸ್ತಾದರು ಬೆಳಿಗ್ಗೆಯೇ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು, ಬಿಳಿ ಧೋತರ, ಹೊಸ ರುಮಾಲಿನಲ್ಲಿ ನನ್ನ ಜೊತೆ ಬಂದರು. ಮ್ಯಾಟು ನೋಡಿದವರೇ ನಿಂತರು.

“ಗಾದಿ ಹಾಸ್ಯಾರಲ್ಲೋ. ಕುಸ್ತಿ ಆಡ್ತೀರೋ, ಮಕ್ಕೋತೀರೋ?”

ಮೊದಲ ಎರಡು ಕುಸ್ತಿಯಲ್ಲಿ ಎದುರಾಳಿಗಳನ್ನು ಎತ್ತಿ ಹಾಕಿ, ಮೇಲೆ ಕೂತೇ ಗೆದ್ದೆ. ಉಸ್ತಾದರು ಎರಡು ಸಲವೂ ಮೀಸೆಗೆ ಕೈ ಹಾಕಿದರು. ಕೊನೆಯದು ಫೈನಲ್. ಎದುರಿಗೆ ಯಾರು? ಕನ್ನಡಕ ಡಬ್ಬಿಯಲ್ಲಿಟ್ಟು ಬಂದ ಗುಂಡ. ರೆಫ್ರಿ ಶುರು ಅಂದ, ಗುಂಡ ಕೂತ.

ಕೂತವನನ್ನು ಎತ್ತುವುದು ಹೇಗೆ? ಒಂದು ಸುತ್ತು ಬಂದೆ, ಎರಡು ಸುತ್ತು ಬಂದೆ. ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ನಾನು, ದೇವರಂತೆ ಗುಂಡ. ಗಡಿಯಾರದಲ್ಲಿ ಅರ್ಧ ನಿಮಿಷ ಉಳಿದಿದೆ. ನಡುವೆ ಒಮ್ಮೆ ಕಾಲೆಳೆದು ನನ್ನನ್ನು ಬೋರಲು ಕೆಡವಿದ್ದರಿಂದ ಪಾಯಿಂಟಿನಲ್ಲಿ ಅವನೇ ಮುಂದೆ. ಅಷ್ಟರಲ್ಲಿ ಅವನು ನನ್ನನ್ನು ದೂಡಲು ಒಂದು ಕಾಲು ಮುಂದೆ ಚಾಚಿದ. ಕಾಲು ನೇರ ನನ್ನ ಕಂಕುಳಿಗೆ ಬಂತು.

ಒರಗಿದರೆ ಗೆಲುವು. ಒರಗಿದರೆ ರುಮಾಲು ಹೋಯಿತು. ಉಸ್ತಾದರ ಮುಖ ನೋಡಿದೆ, ಗುಂಡನ ಪಾದ ನೋಡಿದೆ. ಈ ಪಾದದವನಿಂದಲೇ ಅಲ್ಲವೇ ನಾನು ಒಂಟಿಕಾಲಲ್ಲಿ ತಪಸ್ಸು ಮಾಡಿದ್ದು! ಜಗಲಿ ಕಣ್ಣ ಮುಂದೆ ಬಂತು. ಕೂತೆ. ಒರಗಿದೆ. ಬೆನ್ನು ಪೂರ್ತಿ ನೆಲಕ್ಕೆ. ಗುಂಡ ಕೂತಲ್ಲೇ ಕೂತು, ಹಲ್ಲು ಕಚ್ಚಿ, ನನ್ನ ಮೊಣಕಾಲನ್ನು ಮೂರು ಸಲ ತಟ್ಟಿದ.

ಚಪ್ಪಾಳೆಯೋ ಚಪ್ಪಾಳೆ. ರೆಫ್ರಿ ನನ್ನ ಕೈ ಎತ್ತಿದ, ಕೊರಳಿಗೆ ಮೆಡಲ್ ಬಿತ್ತು. ತಿರುಗಿ ನೋಡಿದರೆ ಉಸ್ತಾದರು ಚಪ್ಪಲಿ ಬಿಟ್ಟು, ಮ್ಯಾಟು ಮುಟ್ಟಿ ಕಣ್ಣಿಗೊತ್ತಿಕೊಂಡು, ತಲೆ ತಗ್ಗಿಸಿ ನಡೆದು ಬರುತ್ತಿದ್ದಾರೆ.

“ಗೆದ್ದೆ ಉಸ್ತಾದ್!”

“ತಿರುಗು. ಬೆನ್ನು ತೋರ್ಸು.” ತಿರುಗಿದೆ. “ಮಣ್ಣಿದ್ರ ಸಾಕ್ಷಿ ಇರ್ತಿತ್ತು. ಇರ್ಲಿ, ನಾ ಕಣ್ಣಾರೆ ನೋಡೀನಿ. ಅವ ಕುಂತಾನ, ನೀ ಮಕ್ಕೊಂಡಿ. ಕುಂತವ ಗೆದ್ದನೋ, ಮಕ್ಕೊಂಡವ ಗೆದ್ದನೋ?”

“ಅವನು ತಟ್ಟಿದ್ನಲ್ಲ ಉಸ್ತಾದ್! ತಟ್ಟಿದ್ರ ಸೋತಂಗ.”

“ಹುಚ್ಚಪ್ಪಾ, ಬಿದ್ದಿಯಲ್ಲ ಅಂತ ಸಮಾಧಾನ ಮಾಡ್ಲತ್ತಿದ್ದ. ದೊಡ್ಡ ಮನಸಿನ ಹುಡುಗ.”

ರೆಫ್ರಿ ಬಂದು ನಿಯಮ ವಿವರಿಸಿದ. ಕೋಚ್ ಬಂದು ಹಲಸೂರು ಕನ್ನಡದಲ್ಲಿ ವಿವರಿಸಿದರು. ಉಸ್ತಾದರು ಇಬ್ಬರಿಗೂ ಕೈ ಮುಗಿದು, “ನೀವು ಗಾದಿ ಮಂದಿ. ನಿಮಗ ತಿಳೀದಿಲ್ಲ,” ಅಂದರು. ಆಮೇಲೆ ನನ್ನ ಚೀಲದಿಂದ ಆ ಕೆಂಪು ರುಮಾಲು ತೆಗೆದು, ಕುಂಟುತ್ತಾ ನಿಂತಿದ್ದ ಗುಂಡನ ತಲೆಗೆ ಸುತ್ತಿ, ಬೆನ್ನು ಚಪ್ಪರಿಸಿದರು. ಅದು ಎರಡನೇ ಬಹುಮಾನ ಅಂದುಕೊಂಡ ಗುಂಡ, “ಥ್ಯಾಂಕ್ಸ್ ತಾತ,” ಅಂದ.

ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಉಸ್ತಾದರು ನನ್ನ ಮೆಡಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಸೋತವರಿಗೂ ಕೊಡ್ತಾರ. ಶಾಣ್ಯಾ ಊರು,” ಅಂದರು.

೬. ಶೋಕೇಸು

ಮೊಳೆ ಖಾಲಿಯಾಯಿತು. ಮೆಡಲ್ ನೇತುಹಾಕಿದೆ. ಹಗುರ, ಫ್ಯಾನ್ ಹಾಕಿದರೆ ಟಣಟಣ ಅನ್ನುತ್ತದೆ. ಎರಡು ವಾರ ತಡೆದು, ರುಮಾಲನ್ನು ಮರಳಿ ಕೇಳಿಯೇಬಿಡೋಣವೆಂದು ಜೀವನ್ ಬಿಮಾ ನಗರದ ಗುಂಡನ ಮನೆಗೆ ಹೋದೆ. ಗೇಟಿನಲ್ಲೇ ಅವನು ಕಿವಿಯಲ್ಲಿ ಹೇಳಿದ: “ಮಗಾ, ಒಂದ್ ಪ್ರಾಬ್ಲಂ ಆಗಿದೆ. ಒಳಗೆ ಬಂದು ನೋಡು.”

ಹಾಲಿನಲ್ಲಿ ಶೋಕೇಸು. ಅದರೊಳಗೆ ಗಾಜಿನ ಹಿಂದೆ, ಚಂದನದ ಆನೆಗೂ ತಂದೆಯ ನಿವೃತ್ತಿಯ ಗಡಿಯಾರಕ್ಕೂ ನಡುವೆ, ತಲೆ ಕೆಳಗೆ ಮಾಡಿದ ಸ್ಟೀಲ್ ಡಬರಿಯ ಮೇಲೆ ನಮ್ಮ ಗರಡಿಯ ಮಾನ ಠೀವಿಯಿಂದ ಕೂತಿತ್ತು. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಅದನ್ನೇ ನೋಡುತ್ತಿದ್ದರು. ಗುಂಡನ ತಾಯಿ ವಿವರಿಸುತ್ತಿದ್ದರು:

“ಇವನಿಗೆ ಕಾಲು ಮುರಿಯೋ ಹಾಗೆ ತಿರುಚಿಬಿಟ್ಟಿದ್ನಂತೆ ಯಾವನೋ ರಾಕ್ಷಸ. ಆದ್ರೂ ನನ್ನ ಮಗ ಕೂತ ಜಾಗದಿಂದ ಕದಲ್ಲಿಲ್ಲ. ಅದನ್ನ ನೋಡಿ ಆ ರಾಕ್ಷಸನ ಗುರುಗಳೇ ಎದ್ದು ಬಂದು, ಗೆದ್ದೋನು ನೀನೇ ಅಂತ ಇದನ್ನ ಕಟ್ಟಿದ್ರಂತೆ.” ಆಮೇಲೆ ನನ್ನ ಕಡೆ ತಿರುಗಿದರು. “ಬಾಪ್ಪಾ, ಕೂತ್ಕೋ. ನೀನೂ ಅದೇ ಕ್ಲಾಸ್ ಅಲ್ವಾ? ಅವತ್ತು ನೋಡಿದ್ಯಾ ನೀನು?”

ಗುಂಡ ನೆಲ ನೋಡಿದ. ನನಗೆ ನಿಜಕ್ಕೂ ಸುಸ್ತಾಗಿತ್ತು. ಸೋಫಾದ ಮೇಲೆ ಕೂತು, ಹಾಗೇ ಹಿಂದಕ್ಕೆ ಒರಗಿದೆ.

“ಪೂರ್ತಿ ಕಾಣ್ಲಿಲ್ಲ ಆಂಟಿ,” ಅಂದೆ. “ನಾನು ಮಲಗಿದ್ದೆ.”